ಚಿನ್ನ ಮುಗಿದ ಮೇಲಿನ ಕೆಜಿಎಫ್

ಮುಂಬಯಿಯ ಆಫೀಸುಗಳಲ್ಲಿ ದುಡಿಯುವ ಕನ್ನಡಿಗರಿಗೆ ಕೆಲವು ವರ್ಷಗಳಿಂದ ಒಂದು ಪ್ರಶ್ನೆ ತಪ್ಪಿದ್ದಲ್ಲ. "ನೀವು ಕರ್ನಾಟಕದವರಾ? ಹಾಗಾದ್ರೆ ಕೆಜಿಎಫ್ ನೋಡಿದ್ದೀರಾ?" ಕೇಳುವವರ ಮನಸ್ಸಿನಲ್ಲಿರುವುದು ಸಿನಿಮಾ. ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ನಟಿಸಿದ ಆ ಚಿತ್ರದ ಮೊದಲ ಭಾಗ 2018ರಲ್ಲಿ, ಎರಡನೆಯದು 2022ರಲ್ಲಿ ಬಂತು. ಹಿಂದಿಯಲ್ಲೂ ಓಡಿದ ಮೇಲೆ ಮರಾಠಿ, ಗುಜರಾತಿ ಸಹೋದ್ಯೋಗಿಗಳ ಬಾಯಲ್ಲೂ ಆ ಮೂರು ಅಕ್ಷರಗಳು ನಿಂತುಬಿಟ್ಟವು. ಚಿತ್ರದ ಕಥೆ ಕಲ್ಪನೆಯದು. ಊರು ಮಾತ್ರ ನಿಜ. ಕೋಲಾರ ಗೋಲ್ಡ್ ಫೀಲ್ಡ್ಸ್ ಎಂಬ ಊರಿನಲ್ಲಿ ಗಣಿ ಮುಚ್ಚಿ ಇಪ್ಪತ್ತು ವರ್ಷಗಳ ಮೇಲಾಗಿದ್ದರೂ ಜನ ಇದ್ದಾರೆ, ಶಾಲೆ, ಸಂತೆ, ಹಬ್ಬಗಳಿವೆ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿಗೆ ಮದುವೆಗೆಂದು ಹೋದವರು ಎರಡು ದಿನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬಂದೆವು. ನಮ್ಮ ಅತ್ತೆಯವರಿಗೆ ಕೋಟಿಲಿಂಗೇಶ್ವರನ ದರ್ಶನ ಮಾಡಬೇಕಿತ್ತು. ನನಗೆ ಗಣಿ ನೋಡಬೇಕಿತ್ತು. ಒಂಬತ್ತು ವರ್ಷದ ಮಗಳಿಗೆ ರೈಲು ಸಾಕಿತ್ತು.

ಬೆಂಗಳೂರಿನಿಂದ ಕೆಜಿಎಫ್ ಸುಮಾರು 100 ಕಿಲೋಮೀಟರ್. ಬಂಗಾರಪೇಟೆಯವರೆಗೆ ಚೆನ್ನೈ ಮಾರ್ಗ, ಅಲ್ಲಿಂದ ಮಾರಿಕುಪ್ಪಂಗೆ ಒಂದು ಕವಲು ಹಳಿ. ಬಂಗಾರಪೇಟೆ ಎಂಬ ಹೆಸರು ಚಿನ್ನದಿಂದ ಬಂದಿದ್ದು ಎಂದೇ ನಾನು ತಿಳಿದಿದ್ದೆ. ಬ್ರಿಟಿಷರು ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಅದನ್ನು ಬೌರಿಂಗ್‌ಪೇಟೆ ಎಂದು ಕರೆದಿದ್ದರಂತೆ. ಜನರ ಬಾಯಲ್ಲಿ ಅದು ಬಂಗಾರಪೇಟೆಯಾಯಿತು. ಕವಲು ಹಳಿಯನ್ನು 1894ರಲ್ಲಿ ಹಾಕಿದ್ದು ಗಣಿಗಾಗಿಯೇ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಹಿಂದೊಂದು ಪುಟ್ಟ ನಿಲ್ದಾಣಗಳು. ಒಂದು ಕಾಲದಲ್ಲಿ ಯಂತ್ರ, ಕಲ್ಲಿದ್ದಲು, ಕೂಲಿಯವರು ಈ ಹಳಿಯ ಮೇಲೆ ಬರುತ್ತಿದ್ದರು, ಚಿನ್ನ ಹೋಗುತ್ತಿತ್ತು. ಈಗ ಈ ಹಳಿಯ ಮೇಲೆ ಹೋಗುವುದು ಜನ. ಬೆಳಗಿನ ಜಾವದ ಗಾಡಿಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಕೆಲಸಗಳಿಗೆ ಹೊರಡುತ್ತಾರೆ, ರಾತ್ರಿ ಮರಳುತ್ತಾರೆ. ನಾವು ಎದುರು ದಿಕ್ಕಿನ ಗಾಡಿಯಲ್ಲಿ ಆರಾಮವಾಗಿ ಕೂತಿದ್ದೆವು. ಬೆಂಗಳೂರಿನತ್ತ ಹೋಗುತ್ತಿದ್ದ ಗಾಡಿ ಪಕ್ಕದಲ್ಲಿ ಹಾದುಹೋದಾಗ ಮಗಳು, "ಅಮ್ಮಾ, ನಮ್ಮ ಡೊಂಬಿವಲಿ ಲೋಕಲ್!" ಎಂದಳು. ಬಾಗಿಲಲ್ಲಿ ಜೋತಾಡುತ್ತಿದ್ದವರನ್ನು ನೋಡಿದರೆ ಹಾಗೆಯೇ ಇತ್ತು.

ಚಿನ್ನ ಕಂಡವರು ಯಾರು?

ಪುಸ್ತಕಗಳಲ್ಲಿ ಕೆಜಿಎಫ್ ಇತಿಹಾಸ ಶುರುವಾಗುವುದು ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಯಿಂದ. ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಮೈಸೂರಿನ ಗಡಿಗಳನ್ನು ಅಳೆಯಲು ಬಂದವನು ಆತ. ಈ ಭಾಗದಲ್ಲಿ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕೇಳಿ 1802ರಲ್ಲಿ ವಿಚಾರಿಸಿದ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಹೇಳಿದ. ಹಳ್ಳಿಗರು ಮಣ್ಣು ತಂದು ಅವನ ಕಣ್ಣೆದುರೇ ನೀರಿನಲ್ಲಿ ತೊಳೆದರು. ತಳದಲ್ಲಿ ಚಿನ್ನದ ಕಣಗಳು ಮಿನುಗಿದವು. ಮಾರಿಕುಪ್ಪಂ ಸುತ್ತಮುತ್ತ ದಲಿತ ಸಮುದಾಯದವರು ಗುಂಡಿಗಳಿಗಿಳಿದು ಕಲ್ಲು ತಂದು ಕುಟ್ಟಿ ಚಿನ್ನ ತೆಗೆಯುತ್ತಿದ್ದುದನ್ನೂ ವಾರನ್ ಕಂಡು ಬರೆದಿಟ್ಟ. ಅಂದರೆ ಗೊತ್ತಿದ್ದವರಿಗೆ ಮೊದಲೇ ಗೊತ್ತಿತ್ತು. ಅವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ವಾರನ್ ಹೆಸರು ಉಳಿದಿದೆ.

ಎಪ್ಪತ್ತು ವರ್ಷಗಳ ನಂತರ ಆ ವರದಿಯ ಜಾಡು ಹಿಡಿದವನು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ನಿವೃತ್ತ ಸೈನಿಕ ಮೈಕೆಲ್ ಲವೆಲ್. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ. 1873ರಲ್ಲಿ ಅರ್ಜಿ ಹಾಕಿ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ. ಹಣ ಸಾಲದೆ ಎರಡೇ ವರ್ಷದಲ್ಲಿ ಹಕ್ಕು ಬೇರೆಯವರ ಕೈಗೆ ಹೋಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಅವರಿಗೂ ಮೊದಮೊದಲು ಸಿಕ್ಕಿದ್ದು ಅಷ್ಟಕ್ಕಷ್ಟೆ. ಮುಚ್ಚಿಬಿಡುವ ಮಾತು ನಡೆಯುತ್ತಿದ್ದಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಹಳೆಯ ದೇಸಿ ಗುಂಡಿಗಳ ಕೆಳಗೇ ಅಗೆಸಿದ, ಚಾಂಪಿಯನ್ ಲೋಡ್ ಎಂಬ ಶ್ರೀಮಂತ ಚಿನ್ನದ ಪದರ ಸಿಕ್ಕಿತು. ಹೆಸರಿಲ್ಲದ ಆ ಹಳಬರು ಎಲ್ಲಿ ಕೈಬಿಟ್ಟಿದ್ದರೋ ಅಲ್ಲಿಂದಲೇ ಲಂಡನ್ ಕಂಪನಿಯ ಅದೃಷ್ಟ ತೆರೆಯಿತು.

ಮುಂದಿನದು ವೇಗದ ಕಥೆ. 1891ರಲ್ಲಿ ಏಳು ಸಾವಿರದಷ್ಟಿದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 38 ಸಾವಿರ ದಾಟಿತು. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ಹೆಸರಿನ ಗಣಿಗಳು ಎದ್ದವು. ಮೈಸೂರು ಸರ್ಕಾರಕ್ಕೆ ಶೇಕಡಾ 5ರ ರಾಜಧನ, ಲಾಭ ಲಂಡನ್ನಿನ ಷೇರುದಾರರಿಗೆ. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ಕೊಟ್ಟದ್ದು ಆಗ ಜಗತ್ತೇ ತಿರುಗಿ ನೋಡಿದ ಕೆಲಸ. ಇದರ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಮುಂಬಯಿಯ ಗಿರಣಿಗಳಿಗೆ ಖೋಪೋಲಿಯಿಂದ ಟಾಟಾ ಜಲವಿದ್ಯುತ್ ಬಂದದ್ದು 1915ರಲ್ಲಿ. ಎಲ್ಲರಿಗಿಂತ ಮೊದಲು ಚಿನ್ನಕ್ಕೆ ಕರೆಂಟು ಬಂತು.

ಬಂಗಲೆ ಮತ್ತು ಲೈನು

ನಮ್ಮನ್ನು ಸುತ್ತಾಡಿಸಿದ ಆಟೋದವರು ಗಣಿ ಕಾರ್ಮಿಕರ ಮಗ. ತಂದೆ, ತಾತ ಇಬ್ಬರೂ ಕೆಳಗಿಳಿದು ದುಡಿದವರು. ನಮ್ಮೊಡನೆ ಕನ್ನಡ, ಫೋನಿನಲ್ಲಿ ತಮಿಳು, ಎದುರು ಬಂದ ಗೆಳೆಯನೊಡನೆ ತೆಲುಗು. "ಇಲ್ಲಿ ಎಲ್ಲರಿಗೂ ನಾಲ್ಕು ಭಾಷೆ ಬರ್ತದೆ ಅಕ್ಕ, ಯಾವುದೂ ಪೂರ್ತಿ ಬರಲ್ಲ" ಎಂದು ನಕ್ಕರು.

ಮೊದಲು ತೋರಿಸಿದ್ದು ಸಾಹೇಬರ ಊರು. ಕೆಜಿಎಫ್‌ಗೆ 'ಲಿಟಲ್ ಇಂಗ್ಲೆಂಡ್' ಎಂಬ ಹೆಸರಿತ್ತು. ಮರಗಳ ನಡುವೆ ವಿಶಾಲ ಬಂಗಲೆಗಳು, ಹೊಗೆಗೂಡುಗಳು, ಕೆಜಿಎಫ್ ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚುಗಳು, ಗಣಿಯ ಆಸ್ಪತ್ರೆ. ಚಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನಲ್ಲಿ ಕ್ರಿಸ್‌ಮಸ್‌ಗೆ ಗೋದಲಿ ಕಟ್ಟುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದು ಬಂದರು.

ಅಲ್ಲಿಂದ ಹತ್ತು ನಿಮಿಷದಲ್ಲಿ ಕಾರ್ಮಿಕರ ಊರು. ಇಲ್ಲಿ ಬೀದಿಗಳಿಗೆ 'ಲೈನು' ಎನ್ನುತ್ತಾರೆ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಮೊದಲು ಇವು ಬಿದಿರಿನ ತಟ್ಟಿಯ ಗುಡಿಸಲುಗಳಾಗಿದ್ದವು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಗಳಿಂದ ಬಂದವರು, ಹೆಚ್ಚಿನವರು ದಲಿತರು, ಒಂದೇ ಕೋಣೆಯಲ್ಲಿ ಸಂಸಾರ ಮಾಡಿದರು. ನೋಡುತ್ತಿದ್ದಂತೆ ನನಗೆ ಪರೇಲ್, ವರ್ಲಿಯ ಚಾಳುಗಳು ನೆನಪಾದವು. ಅಲ್ಲಿ ಹತ್ತಿ, ಇಲ್ಲಿ ಚಿನ್ನ. ಮನೆಯ ಅಳತೆ ಮಾತ್ರ ಒಂದೇ.

ಗಣಿಯಿಂದ ಮೇಲೆ ಬಂದ ಪ್ರತಿಯೊಬ್ಬನ ಮೈ ತಡಕಿ ನೋಡಿಯೇ ಹೊರಗೆ ಬಿಡುತ್ತಿದ್ದರು, ಎಲ್ಲಿ ಚಿನ್ನದ ಚೂರು ಕದ್ದಾನೋ ಎಂದು. 1930ರಲ್ಲಿ ಎಲ್ಲ ಕಾರ್ಮಿಕರ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳಲು ಕಂಪನಿ ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಸಂಬಳದ ಜಗಳಕ್ಕಿಂತ ಅದು ಮಾನದ ಜಗಳವಾಗಿತ್ತು, ನಾವು ಕಳ್ಳರಲ್ಲ ಎಂದು ಹೇಳುವ ಜಗಳ.

ಎರಡು ಕಳಸೂಬಾಯಿಯಷ್ಟು ಆಳ

ಗಣಿಯೊಳಗೆ ಈಗ ಯಾರನ್ನೂ ಬಿಡುವುದಿಲ್ಲ. ಬಾವಿಯ ಮೇಲಿನ ಉಕ್ಕಿನ ಗೋಪುರಗಳನ್ನು ದೂರದಿಂದ ನೋಡಬೇಕು. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್. ಚಾರಣಕ್ಕೆ ಹೋಗಿ ಬಂದ ಗೆಳತಿಯರಿಗೆ ಅದರ ಎತ್ತರ ಕಾಲಿಗೆ ಗೊತ್ತು. ಅಂಥ ಎರಡನ್ನು ತಲೆಕೆಳಗಾಗಿ ಜೋಡಿಸಿದರೆ ಈ ಗಣಿಯ ತಳ. ಅಷ್ಟು ಕೆಳಗೆ ಬಂಡೆಯ ಉಷ್ಣತೆ 60 ಡಿಗ್ರಿ ಮೀರುತ್ತದೆ. ಮೇಲಿನಿಂದ ತಂಪು ಗಾಳಿ ದೂಡಿ ಕೆಲಸ ಮಾಡಿಸುತ್ತಿದ್ದರು.

ಬಿಸಿಗಿಂತ ದೊಡ್ಡ ಭಯ ಬಂಡೆ ಸಿಡಿಯುವುದು. ಮೇಲಿನ ಭಾರದಿಂದ ಒತ್ತಡಕ್ಕೊಳಗಾದ ಕಲ್ಲು, ಪಕ್ಕದಲ್ಲಿ ಅಗೆದು ಖಾಲಿ ಮಾಡಿದಾಗ ಒಮ್ಮೆಲೇ ಸ್ಫೋಟಿಸುತ್ತದೆ. ಊರೇ ನಡುಗುತ್ತದೆ. ಲೈನೊಂದರಲ್ಲಿ ಜಗಲಿಯ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದ ಅಜ್ಜಿಯೊಬ್ಬರು ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಪಾತ್ರೆ ಅಲುಗಾಡಿದ್ರೆ ಸಾಕು ಕಣಮ್ಮ, ಒಲೆ ಆರಿಸಿ ಓಡೋದು. ಬಾವಿ ಬಾಗಿಲಲ್ಲಿ ಎಲ್ಲ ಹೆಂಗಸರೂ ನಿಂತಿರ್ತಿದ್ವಿ. ಯಾರ ಮನೆಯವರು ಮೇಲೆ ಬಂದ್ರು, ಯಾರದು ಬಂದಿಲ್ಲ... ಯಾರೂ ಬಾಯಿ ಬಿಡ್ತಿರ್ಲಿಲ್ಲ." ಅವರ ಗಂಡ ಬಂಡೆಗೆ ಸಿಕ್ಕಲಿಲ್ಲ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ತುಂಬಿ, ಕೆಮ್ಮಿ ಕೆಮ್ಮಿ ಮನೆಯಲ್ಲೇ ಹೋದರು. ಸಿಲಿಕೋಸಿಸ್ ಎಂಬ ಇಂಗ್ಲಿಷ್ ಪದ ಆ ಅಜ್ಜಿಯ ಬಾಯಲ್ಲಿ ಸಲೀಸಾಗಿ ಬಂತು.

ಗಣಿಯ ಚರಿತ್ರೆ ಬರೆದವರು ಹೆಂಗಸರನ್ನು ಅಷ್ಟಾಗಿ ಗಮನಿಸಿಲ್ಲ. 1952ರ ಗಣಿ ಕಾಯಿದೆ ಹೆಂಗಸರು ನೆಲದಡಿ ಕೆಲಸ ಮಾಡುವುದನ್ನು ನಿಷೇಧಿಸಿತ್ತು. 2019ರಲ್ಲಷ್ಟೇ ಕೇಂದ್ರ ಸರ್ಕಾರ ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಅವರ ಲಿಖಿತ ಒಪ್ಪಿಗೆ ಇರಬೇಕು, ಒಬ್ಬಂಟಿಯಾಗಿ ಕಳಿಸುವಂತಿಲ್ಲ ಇತ್ಯಾದಿ. ಅಷ್ಟರಲ್ಲಿ ಕೆಜಿಎಫ್ ಮುಚ್ಚಿಹೋಗಿತ್ತು. ಇಲ್ಲಿನ ಹೆಂಗಸರು ಕೆಳಗೆ ಇಳಿಯಲಿಲ್ಲ ನಿಜ. ಆದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೂರು ಪಾಳಿಗಳಿಗೆ ಬುತ್ತಿ ಕಟ್ಟಿದವರು, ಬಾವಿಯ ಬಾಗಿಲಲ್ಲಿ ಕಾದವರು, ಕೆಮ್ಮುವ ಗಂಡನನ್ನು ಆರೈಕೆ ಮಾಡಿದವರು ಅವರೇ. ಅದು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಕೊಲಾಬಾದಿಂದ ಬಂದವರು

ಈ ಆಳಕ್ಕೆ ನಮ್ಮ ಮುಂಬಯಿಯ ನಂಟೂ ಇದೆ. ಇಂಜಿನಿಯರಿಂಗ್ ಓದಿದ ನನಗೆ ಪ್ರವಾಸದಲ್ಲಿ ಹೆಚ್ಚು ಖುಷಿ ಕೊಟ್ಟ ವಿಷಯ ಇದು. ಕೊಲಾಬಾದ ನೇವಿ ನಗರದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ತನ್ನ ಶುರುವಿನ ದಿನಗಳಲ್ಲಿ ಪೆಡ್ಡರ್ ರಸ್ತೆಯಲ್ಲಿತ್ತು. 1951ರಲ್ಲಿ ಹೋಮಿ ಭಾಭಾ ತಮ್ಮ ಯುವ ವಿಜ್ಞಾನಿಯೊಬ್ಬರನ್ನು ಉಪಕರಣಗಳೊಂದಿಗೆ ಕೆಜಿಎಫ್ ಗಣಿಗೆ ಕಳಿಸಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಕಣಗಳು ಬಂಡೆಯನ್ನು ಎಷ್ಟು ಆಳದವರೆಗೆ ತೂರಿ ಬರುತ್ತವೆ ಎಂದು ಅಳೆಯುವುದು ಕೆಲಸ. ಆ ಯುವಕ ನಂಜನಗೂಡಿನ ಬಿ.ವಿ. ಶ್ರೀಕಂಠನ್. ಮುಂದೆ ಅವರು 1975ರಿಂದ 1987ರವರೆಗೆ ಟಿಐಎಫ್‌ಆರ್‌ನ ನಿರ್ದೇಶಕರಾಗಿದ್ದರು. ಮುಂಬಯಿ ಕನ್ನಡಿಗರ ಸಾಧಕರ ಪಟ್ಟಿ ಮಾಡುವಾಗ ಈ ಹೆಸರನ್ನು ನಾವು ಎಷ್ಟು ಸಲ ಹೇಳಿದ್ದೇವೆ?

ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಗಣಿ ಒಂದು ಫಿಲ್ಟರ್. ಮೇಲಿನ ಗದ್ದಲವನ್ನೆಲ್ಲ ಎರಡು ಕಿಲೋಮೀಟರಿಗೂ ದಪ್ಪದ ಬಂಡೆ ಸೋಸಿಬಿಡುತ್ತದೆ. ನ್ಯೂಟ್ರಿನೋ ಎಂಬ ಕಣಕ್ಕೆ ಮಾತ್ರ ಬಂಡೆ ಲೆಕ್ಕಕ್ಕಿಲ್ಲ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದನ್ನೇ ಕಂಡಿತು. ಜಗತ್ತಿನಲ್ಲಿ ಇವೇ ಮೊದಲು. ವಿಜ್ಞಾನಿಗಳ ಆ ಭಾರದ ಪೆಟ್ಟಿಗೆಗಳು ಇಳಿದದ್ದೂ ಗಣಿ ಕಾರ್ಮಿಕರು ಕೊರೆದ ದಾರಿಯಲ್ಲೇ, ಅವರು ದಿನವೂ ಇಳಿಯುತ್ತಿದ್ದ ಬಾವಿಗಳಲ್ಲೇ.

ಎರಡು ಟನ್ ಕಲ್ಲಿನ ಮಾಂಗಲ್ಯ

ಒಟ್ಟು 120 ವರ್ಷಗಳಲ್ಲಿ ಕೆಜಿಎಫ್ ಸುಮಾರು 800 ಟನ್ ಚಿನ್ನ ಕೊಟ್ಟಿತು. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಲ್ಲಿ 40 ಗ್ರಾಂಗೂ ಹೆಚ್ಚು ಸಿಗುತ್ತಿತ್ತು. ಕೊನೆಕೊನೆಗೆ ಅದು ಮೂರು ನಾಲ್ಕು ಗ್ರಾಂಗೆ ಇಳಿಯಿತು. ಎಂಟು ಗ್ರಾಮಿನ ಒಂದು ಮಾಂಗಲ್ಯಕ್ಕೆ ಎರಡು ಟನ್ನಿಗೂ ಹೆಚ್ಚು ಕಲ್ಲನ್ನು ಆ ಆಳದಿಂದ ಎತ್ತಿ, ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯಬೇಕು. ಖರ್ಚು ಹುಟ್ಟುವುದೆಲ್ಲಿಂದ? 1956ರಲ್ಲಿ ಮೈಸೂರು ರಾಜ್ಯ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಸಾವಿರಾರು ಕುಟುಂಬಗಳ ಸಂಬಳ ನಿಂತಿತು. ಬಾಕಿ ಹಣಕ್ಕೆ, ತಲೆಮಾರುಗಳಿಂದ ಬದುಕಿದ ಮನೆಗಳ ಹಕ್ಕಿಗೆ ವರ್ಷಗಟ್ಟಲೆ ಹೋರಾಟ ನಡೆಯಿತು.

ಕಲ್ಲಿನ ಪುಡಿ ಮಾತ್ರ ಅಲ್ಲೇ ಉಳಿಯಿತು. ಊರ ಸುತ್ತ ಬೂದು ಬಣ್ಣದ 13 ಗುಡ್ಡಗಳು, ಮೂರು ಕೋಟಿ ಟನ್ನಿಗೂ ಮೇಲೆ. ಜನ ಇವನ್ನು 'ಸಯನೈಡ್ ದಿಬ್ಬ' ಎನ್ನುತ್ತಾರೆ. ಸಿನಿಮಾದ ಚಿತ್ರೀಕರಣ ನಡೆದದ್ದೂ ಇಲ್ಲೇ. ಪರದೆಯ ಮೇಲೆ ಭವ್ಯವಾಗಿ ಕಾಣುವ ಅದೇ ದಿಬ್ಬದಿಂದ ಬೇಸಿಗೆ ಗಾಳಿಗೆ ಎದ್ದ ನುಣ್ಣನೆ ಪುಡಿ ಮನೆಯ ಪಾತ್ರೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಕ್ಕಳ ಮೂಗಿನಲ್ಲಿ ಕೂರುತ್ತದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿದೆ. ಮತ್ತೆ ಚಿನ್ನ ಬಂದರೆ ಈ ಸಲವಾದರೂ ಅದರಲ್ಲಿ ಊರಿಗೆ ಪಾಲು ಸಿಗುತ್ತದೆಯೇ ಎಂಬುದು ಅಲ್ಲಿನವರ ಪ್ರಶ್ನೆ.

ಕೆಲಸ ಹುಡುಕಿ ಬಂದವರ ಊರು

ಮುಂಬಯಿಯಲ್ಲೂ ನಾವು ಇದನ್ನು ಕಂಡಿದ್ದೇವೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಈಗ ಮಾಲ್. ಅಲ್ಲಿ ದುಡಿದವರ ಮಕ್ಕಳು ಎಲ್ಲಿದ್ದಾರೆ ಎಂದು ಮಾಲ್‌ನಲ್ಲಿ ಓಡಾಡುವಾಗ ಯಾರೂ ಕೇಳುವುದಿಲ್ಲ. ಮುಂಬಯಿಗೆ ಹೇಗೋ ಬೇರೆ ಬೇರೆ ಕಸುಬುಗಳಿದ್ದವು, ಊರು ಚೇತರಿಸಿಕೊಂಡಿತು. ಕೆಜಿಎಫ್‌ನಲ್ಲಿ 1964ರಿಂದ ಬಿಇಎಂಎಲ್ ಕಾರ್ಖಾನೆ ಇದೆಯಾದರೂ ಗಣಿ ಕೊಟ್ಟಷ್ಟು ಕೆಲಸ ಒಂದೇ ಕಾರ್ಖಾನೆ ಕೊಡಲಾರದು. ಹಾಗಾಗಿಯೇ ಆ ಬೆಳಗಿನ ರೈಲು ತುಂಬುತ್ತದೆ.

ಅಷ್ಟಾದರೂ ಜನ ಊರು ಬಿಟ್ಟಿಲ್ಲ. ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ. ಬೆಂಗಳೂರಿನಲ್ಲೇ ಮನೆ ಮಾಡಬಹುದಲ್ಲ ಎಂದು ಆಟೋದವರನ್ನು ಕೇಳಿದೆ. "ಮೂರು ತಲೆಮಾರು ಇಲ್ಲೇ ಮಣ್ಣಾಗಿದ್ದಾರೆ ಅಕ್ಕ. ತಮಿಳುನಾಡಿಗೆ ಹೋದ್ರೆ ನಮ್ಮನ್ನ ಕರ್ನಾಟಕದವರು ಅಂತಾರೆ. ಇಲ್ಲಿ ತಮಿಳರು ಅಂತಾರೆ. ಕೆಜಿಎಫ್‌ನಲ್ಲಿ ಮಾತ್ರ ನಾವು ಕೆಜಿಎಫ್‌ನವರು" ಎಂದರು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಥಟ್ಟನೆ, "ನಮ್ಮದೂ ಅದೇ ಕತೆ ಕಣಪ್ಪ" ಎಂದರು. ಐವತ್ತು ವರ್ಷಗಳ ಹಿಂದೆ ಮದುವೆಯಾಗಿ ಮುಂಬಯಿಗೆ ಬಂದವರು ಅವರು. ಊರಿಗೆ ಹೋದರೆ 'ಬೊಂಬಾಯಿಯವರು', ಇಲ್ಲಿ 'ಮದ್ರಾಸಿ'. ನಮ್ಮ ಹಿರಿಯರು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ್ದು, ಸಂಘಗಳನ್ನು ಕಟ್ಟಿದ್ದು, ಈ ಊರನ್ನು ತಮ್ಮದಾಗಿಸಿಕೊಂಡದ್ದು ಇದೇ ಬಗೆಯಲ್ಲಿ ಅಲ್ಲವೇ? ಕೆಜಿಎಫ್‌ನಲ್ಲಿ ಉಳಿದಿರುವ ಪರಂಪರೆ ಬಂಗಲೆಗಳಲ್ಲಿ ಮಾತ್ರ ಇಲ್ಲ, ಆ ಲೈನುಗಳಲ್ಲೂ ಇದೆ. ಬಂಗಲೆಗಳ ಜೊತೆಗೆ ಒಂದು ಲೈನನ್ನೂ ಹಾಗೆಯೇ ಕಾಪಾಡಿ, ಗಣಿಗಿಳಿದವರ ಮತ್ತು ಮೇಲೆ ಕಾದವರ ನೆನಪುಗಳನ್ನು ಬರೆಸಿಟ್ಟು ಒಂದು ವಸ್ತುಸಂಗ್ರಹಾಲಯ ಮಾಡಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಆ ಅಜ್ಜಿಯಂಥವರು ಇನ್ನೆಷ್ಟು ದಿನ ನಮ್ಮ ಜೊತೆ ಇರುತ್ತಾರೆ?

ಹೋಗುವವರಿಗೆ

ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಕೆಜಿಎಫ್. ಚರ್ಚುಗಳು, ಚಾಂಪಿಯನ್ ರೀಫ್ಸ್‌ನ ಲೈನುಗಳು, ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ. ಸಂಜೆಗೆ ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರ. 108 ಅಡಿಯ ಲಿಂಗ, ಎದುರಿಗೆ 35 ಅಡಿಯ ನಂದಿ, ಸುತ್ತಲೂ ಭಕ್ತರು ಸ್ಥಾಪಿಸಿದ ಲಕ್ಷಾಂತರ ಲಿಂಗಗಳು. ಮರುದಿನ ಕೋಲಾರದ ಕೋಲಾರಮ್ಮ, ಸೋಮೇಶ್ವರ ದೇವಾಲಯಗಳು, ಅಂತರಗಂಗೆ, ನೊಳಂಬರ ಕಾಲದ ಗುಡಿಗಳಿರುವ ಆವಣಿ. ಆವಣಿಯ ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ, ಲವಕುಶರು ಹುಟ್ಟಿದ್ದು ಇಲ್ಲೇ ಎಂಬ ನಂಬಿಕೆ. ಸಯನೈಡ್ ದಿಬ್ಬಗಳನ್ನು ದೂರದಿಂದ ನೋಡಿದರೆ ಸಾಕು. ಮಕ್ಕಳನ್ನು ಹತ್ತಿಸಬೇಡಿ, ಆ ದೂಳು ಒಳ್ಳೆಯದಲ್ಲ. ಮುಚ್ಚಿದ ಗಣಿಯ ಬೇಲಿ ದಾಟುವ ಸಾಹಸವೂ ಬೇಡ.

ನಮ್ಮ ಮಹಿಳಾ ವೇದಿಕೆಯ ಮುಂದಿನ ಪ್ರವಾಸಕ್ಕೆ ಈ ಊರನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಹೋದಾಗ ಯಾವುದಾದರೂ ಒಂದು ಜಗಲಿಯ ಮೇಲೆ ಅರ್ಧ ಗಂಟೆ ಕೂತು ಅಲ್ಲಿನ ಹೆಂಗಸರನ್ನು ಮಾತಾಡಿಸಿ. ಕನ್ನಡ ಬರುತ್ತದೆ, ಕಾಫಿಯನ್ನೂ ಕೊಡುತ್ತಾರೆ.